ಬಿ.ಪಿ. ನೋಡುವ ಮುನ್ನ ಐದು ನಿಮಿಷ

ದೇವದುರ್ಗ, ಮಸ್ಕಿ ಕಡೆಯ ಹಳ್ಳಿಗಳಿಂದ ದವಾಖಾನೆಗೆ ಬರುವವರಲ್ಲಿ ಅನೇಕರು ಬಸ್ಸಿಳಿದು ಬಿಸಿಲಲ್ಲಿ ನಡೆದು, ಸರದಿಯಲ್ಲಿ ನಿಂತು, ಕುರ್ಚಿಗೆ ಬಂದು ಕೂತ ಕೂಡಲೇ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿಸಿಕೊಳ್ಳುತ್ತಾರೆ. ಆಗ ಸಿಗುವ ಅಂಕಿಯನ್ನು ನಂಬಿ ಗುಳಿಗೆ ಆರಂಭಿಸುವುದಾಗಲಿ, ಹೆಚ್ಚಿಸುವುದಾಗಲಿ ಸರಿಯಲ್ಲ.

ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಮಾತನಾಡದೆ ಐದು ನಿಮಿಷ ಕೂತ ಮೇಲೆ, ತೋಳು ಎದೆಯ ಮಟ್ಟದಲ್ಲಿರುವಂತೆ ಮೇಜಿನ ಮೇಲಿಟ್ಟು, ತೋಳಿನ ಅಳತೆಗೆ ಹೊಂದುವ ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿಯ ತೋಳಿಗೆ ಕಟ್ಟಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಮೂತ್ರ ತಡೆದುಕೊಂಡು ಕೂತರೂ ಹಾಗೆಯೇ. ಹಿಂದಿನ ಅರ್ಧ ಗಂಟೆಯಲ್ಲಿ ಚಹಾ, ಬೀಡಿ, ತಂಬಾಕು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಬೇಕು. 140/90 ದಾಟಿದರೂ, ತೀರಾ ಹೆಚ್ಚಿರದಿದ್ದರೆ, ಬೇರೊಂದು ದಿನ ಮತ್ತೆ ನೋಡಿಯೇ ಕಾಯಿಲೆಯೆಂದು ತೀರ್ಮಾನಿಸಬೇಕು. ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಸೋಲುವುದು, ಮಾತು ತೊದಲುವುದು ಇದ್ದರೆ ಮಾತ್ರ ಕ್ಷಣವೂ ಕಾಯಬಾರದು.

ಇಷ್ಟು ಜನರ ನಡುವೆ ಸಮಯವೆಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುವುದು ಸಹಜ. ಸರದಿಯಲ್ಲಿ ನಿಲ್ಲುವ ಮುಂದಿನ ನಾಲ್ಕೈದು ಜನರನ್ನು ಶುಶ್ರೂಷಕಿಯ ಮೇಜಿನ ಬಳಿ ಒರಗಿ ಕೂರುವ ಬೆಂಚಿನಲ್ಲಿ ಕೂರಿಸಿದರೆ, ಕಾಯುವ ಹೊತ್ತೇ ಆ ಐದು ನಿಮಿಷವಾಗುತ್ತದೆ.

ಇದಕ್ಕಿಂತ ಕಷ್ಟವಾದದ್ದು ಗುಳಿಗೆ ನಿಲ್ಲದಂತೆ ನೋಡಿಕೊಳ್ಳುವುದು. "ಈಗ ಆರಾಮ ಅದೀನ್ರಿ, ಅದಕ್ಕ ಬಿಟ್ಟೀನ್ರಿ" ಎನ್ನುವವರು ಪ್ರತಿದಿನವೂ ಸಿಗುತ್ತಾರೆ. ಗುಳಿಗೆಯಿಂದಲೇ ಒತ್ತಡ ಹತೋಟಿಯಲ್ಲಿದೆ, ಬಿಟ್ಟರೆ ಸದ್ದಿಲ್ಲದೆ ಮತ್ತೆ ಏರುತ್ತದೆ ಎಂಬುದನ್ನು ಮೊದಲ ದಿನವೇ ಹೇಳಬೇಕು. ಆಮ್ಲೋಡಿಪಿನ್ ಎಂಬ ಬಿ.ಪಿ. ಗುಳಿಗೆ ತೆಗೆದುಕೊಳ್ಳುವ ಕೆಲವರಿಗೆ ಪಾದ ಬಾಯುತ್ತದೆ. ಮುಂಚೆ ತಿಳಿಸದಿದ್ದರೆ ಅವರು ಹೆದರಿ, ಯಾರಿಗೂ ಹೇಳದೆ ನಿಲ್ಲಿಸಿಬಿಡುತ್ತಾರೆ. ಪಾದ ಬಾತರೆ ಬಂದು ತೋರಿಸಿ, ಗುಳಿಗೆ ಬದಲಿಸಬಹುದು ಎಂಬ ಒಂದು ಮಾತು ಸಾಕಾಗುತ್ತದೆ.

ನಮ್ಮ ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಚಿಕಿತ್ಸೆ ಕಡಿದು ಹೋಗುವುದು ಇನ್ನೂ ಹೆಚ್ಚು. ಹೊರಡುವ ಮುನ್ನ ದಯವಿಟ್ಟು ತಿಳಿಸಿ. ಗುಳಿಗೆಯ ಹೆಸರು, ಪ್ರಮಾಣ, ಕೊನೆಯ ಎರಡು ಅಳತೆಗಳನ್ನು ವೈದ್ಯರು ಓದಲು ಬರುವಂತೆ ಪುಸ್ತಕದಲ್ಲಿ ಬರೆದುಕೊಡಲಿ. ಅಲ್ಲಿನ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ನಲ್ಲಿ ಆ ಪುಸ್ತಕವನ್ನೂ ಖಾಲಿಯಾದ ಗುಳಿಗೆ ಸ್ಟ್ರಿಪ್ಪನ್ನೂ ತೋರಿಸಿದರೆ ಚಿಕಿತ್ಸೆಯನ್ನು ನಿಂತಲ್ಲಿಂದಲೇ ಮುಂದುವರಿಸಬಹುದು.