ಅಂಗಳಕ್ಕೆ ಬಿದ್ದ ಹಕ್ಕಿ ಸೈಬೀರಿಯಾದ್ದಲ್ಲ

ಪ್ರಶ್ನೆ: ಇಂದು ಬೆಳಿಗ್ಗೆ ನಮ್ಮ ಮನೆಯಂಗಳದಲ್ಲಿ ಬಣ್ಣಬಣ್ಣದ ಹಕ್ಕಿಯೊಂದು ಬಂದು ಬಿದ್ದಿದೆ. ಹಾರಲು ಆಗುತ್ತಿಲ್ಲ. ನಮ್ಮ ಬಡಾವಣೆಯಲ್ಲಿ ಇಂಥದ್ದನ್ನು ಯಾರೂ ನೋಡಿಲ್ಲವಂತೆ. ಇದು ಬಹಳ ಅಪರೂಪದ ಹಕ್ಕಿಯೇ? ಸೈಬೀರಿಯಾದಿಂದ ಬಂದಿರಬಹುದೇ?

ಉತ್ತರ: ನವರಾತ್ರಿಯ ಆಸುಪಾಸಿನಲ್ಲಿ ಈ ಪ್ರಶ್ನೆ ಬಾರದ ವರ್ಷವಿಲ್ಲ. ಊರು ಬದಲಾಗುತ್ತದೆ, ಫೋಟೊದಲ್ಲಿ ಹಕ್ಕಿಯ ಹಿಂದಿರುವ ನೆಲದ ಟೈಲ್ಸ್ ಬದಲಾಗುತ್ತದೆ, ಹಕ್ಕಿ ಮಾತ್ರ ಅದೇ. ಅದರ ಹೆಸರು ನವರಂಗ. ಅಪರೂಪದ್ದಲ್ಲ. ಸೈಬೀರಿಯಾದ್ದಂತೂ ಅಲ್ಲವೇ ಅಲ್ಲ.

ಮೊದಲು ಹಕ್ಕಿಯ ಕ್ಷೇಮ, ಪಾಠ ಆಮೇಲೆ. ಒಂದು ಚಪ್ಪಲಿ ಪೆಟ್ಟಿಗೆಗೆ ನಾಲ್ಕಾರು ತೂತು ಕೊರೆದು, ತಳಕ್ಕೆ ಹಳೆಯ ಬಟ್ಟೆ ಹಾಸಿ, ಹಕ್ಕಿಯನ್ನು ಒಳಗಿಟ್ಟು ಮುಚ್ಚಿ. ಬೆಕ್ಕು, ಕಾಗೆ, ಮಕ್ಕಳು ಸುಳಿಯದ ಮೂಲೆಯಲ್ಲಿಡಿ. ಕೊಕ್ಕು ಬಿಡಿಸಿ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿದರೆ ಹಕ್ಕಿ ಸಾಯುತ್ತದೆ. ಹಾಲು, ಅನ್ನ, ಬಿಸ್ಕತ್ತು ಏನೂ ಬೇಡ. ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುವ ಆಸೆಯನ್ನೂ ತಡೆದುಕೊಳ್ಳಿ. ರೆಕ್ಕೆ ಮುರಿದು ಜೋತುಬಿದ್ದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಹಾಗಿಲ್ಲದಿದ್ದರೆ ಬಹುಪಾಲು ಹಕ್ಕಿಗಳು ಒಂದೆರಡು ಗಂಟೆಯಲ್ಲಿ ಸುಧಾರಿಸಿಕೊಳ್ಳುತ್ತವೆ. ಮರಗಿಡ, ತರಗೆಲೆ ಇರುವ ಕಡೆ ಪೆಟ್ಟಿಗೆ ತೆರೆದಿಟ್ಟು ದೂರ ನಿಂತರೆ ಸಾಕು.

ಕೆಲವು ವರ್ಷಗಳ ಹಿಂದೆ ನನ್ನ ಮನೆಯ ಮೆಟ್ಟಿಲ ಕೆಳಗೂ ಒಂದು ಬಿದ್ದಿತ್ತು. ಮೇಲಿನ ಕಿಟಕಿಯ ಗಾಜಿನಲ್ಲಿ ಅದರ ಮೈಯ ಧೂಳು ಮಸುಕಾಗಿ ಅಂಟಿತ್ತು. ಕೈಗೆತ್ತಿಕೊಂಡರೆ ಮೈ ಬೆಚ್ಚಗೆ, ಎದೆ ಹೊಲಿಗೆ ಯಂತ್ರದಂತೆ ಬಡಿದುಕೊಳ್ಳುತ್ತಿತ್ತು. ಬೆನ್ನು ಹಸಿರು, ಎದೆ ಕಡಲೆಹಿಟ್ಟಿನ ಬಣ್ಣ, ಕಣ್ಣಿಗೆ ಅಡ್ಡಲಾಗಿ ಕಾಡಿಗೆ ತೀಡಿದಂತೆ ಕಪ್ಪು ಪಟ್ಟಿ, ಗಂಟಲು ಬಿಳಿ, ರೆಕ್ಕೆಯ ಮೇಲೆ ಹೊಳೆಯುವ ನೀಲಿ, ಹೊಟ್ಟೆಯ ಕೆಳಗೆ ಕುಂಕುಮ. ಹೆಸರಿಗೆ ತಕ್ಕಂತೆ ಒಂಬತ್ತು ಬಣ್ಣ ಇರಬೇಕು, ನಾನು ಎಣಿಸಿದಾಗಲೆಲ್ಲ ಏಳೆಂಟಕ್ಕೇ ನಿಲ್ಲುತ್ತದೆ. ಬಾಲ ಎಷ್ಟು ಮೊಟಕೆಂದರೆ ಯಾರೋ ಕತ್ತರಿಸಿದಂತಿತ್ತು. ಪೆಟ್ಟಿಗೆಯಲ್ಲಿಟ್ಟ ಮುಕ್ಕಾಲು ಗಂಟೆಗೆ ಒಳಗಿನಿಂದ ಟಪ್ ಟಪ್ ಎಂದು ಕುಪ್ಪಳಿಸುವ ಸದ್ದು ಬಂತು. ಮುಚ್ಚಳ ತೆಗೆದ ಕೂಡಲೇ ಆಕಾಶಕ್ಕೆ ಹಾರುತ್ತದೆಂದು ಫೋನ್ ಹಿಡಿದು ನಿಂತಿದ್ದೆ. ಅದು ನೆಲಕ್ಕಂಟಿಕೊಂಡೇ ದಾಸವಾಳದ ಬೇಲಿಯೊಳಗೆ ನುಗ್ಗಿ, ಏನೂ ಆಗಿಲ್ಲವೆಂಬಂತೆ ತರಗೆಲೆ ಕೆದಕತೊಡಗಿತು.

ಬಡಾವಣೆಯಲ್ಲಿ ಯಾರೂ ನೋಡಿಲ್ಲ ಎಂಬುದರ ಗುಟ್ಟು ಅಲ್ಲಿದೆ. ನವರಂಗ ನೆಲದ ಹಕ್ಕಿ. ನೆರಳಿನಲ್ಲಿ ಎಲೆ ಮಗುಚಿ ಹುಳು, ಎರೆಹುಳು ಹುಡುಕುತ್ತದೆ. ತಂತಿಯ ಮೇಲೆ ಕುಳಿತು ನಿಮಗೆ ದರ್ಶನ ಕೊಡುವ ಜಾತಿಯಲ್ಲ. ಬೆಳಿಗ್ಗೆ ಮತ್ತು ಸಂಜೆ ಎರಡು ಸ್ವರದಲ್ಲಿ ಸಿಳ್ಳೆ ಹಾಕುತ್ತದೆ, ತಮಿಳರು ಅದಕ್ಕಾಗಿಯೇ ಇದನ್ನು ‘ಆರು ಗಂಟೆಯ ಗುಬ್ಬಿ’ ಎಂದು ಕರೆಯುತ್ತಾರೆ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲು, ಮಧ್ಯ ಭಾರತ ಮುಂತಾದ ಕಡೆಯ ಕಾಡುಗಳಲ್ಲಿ ಮರಿ ಮಾಡಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ದಕ್ಷಿಣಕ್ಕೆ, ಶ್ರೀಲಂಕಾದವರೆಗೂ ಇಳಿಯುತ್ತದೆ. ಪ್ರಯಾಣವೆಲ್ಲ ರಾತ್ರಿ. ನಗರದ ದೀಪಕ್ಕೆ ಕಣ್ಣು ಕೋರೈಸಿ, ಗಾಜಿಗೆ ಬಡಿದು, ಇಲ್ಲವೇ ಸುಸ್ತಾಗಿ ಬೆಳಗಾಗುವಾಗ ನಿಮ್ಮ ಅಂಗಳದಲ್ಲಿ ಬಿದ್ದಿರುತ್ತದೆ. ಅಪರೂಪವಾದದ್ದು ಅದು ನಿಮ್ಮ ಕಣ್ಣಿಗೆ ಬಿದ್ದದ್ದು.

ಇನ್ನು ಆ ಸೈಬೀರಿಯಾ.

ಕನ್ನಡದಲ್ಲಿ ದೂರದಿಂದ ಬಂದ ಹಕ್ಕಿ ಎಂದರೆ ಸೈಬೀರಿಯಾದ ಹಕ್ಕಿ. ಈ ಸಮೀಕರಣವನ್ನು ಯಾರು ಬರೆದರೋ, ಅಳಿಸಿ ಅಳಿಸಿ ನನ್ನ ಕೈ ಸೋತಿದೆ. ಪ್ರತಿ ವರ್ಷ ಕೊಕ್ಕರೆ ಬೆಳ್ಳೂರಿನದೋ ರಂಗನತಿಟ್ಟಿನದೋ ಚಿತ್ರದ ಕೆಳಗೆ ‘ಸೈಬೀರಿಯಾ, ಆಸ್ಟ್ರೇಲಿಯಾದಿಂದ ಬಂದ ವಿದೇಶಿ ಅತಿಥಿಗಳು’ ಎಂಬ ಸಾಲು ಇದ್ದೇ ಇರುತ್ತದೆ. ಚಿತ್ರದಲ್ಲಿರುವುದು ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ (ಪೆಲಿಕನ್). ಎರಡೂ ನಮ್ಮ ದಕ್ಷಿಣ ಏಷ್ಯಾದ, ಅದರಾಚೆಗೆ ಆಗ್ನೇಯ ಏಷ್ಯಾದ ಹಕ್ಕಿಗಳು. ಸೈಬೀರಿಯಾದಲ್ಲಿ ಬಣ್ಣದ ಕೊಕ್ಕರೆ ಇಲ್ಲ. ಆಸ್ಟ್ರೇಲಿಯಾದಲ್ಲೂ ಇಲ್ಲ. ಅಲ್ಲಿ ಬೇರೆ ಹೆಜ್ಜಾರ್ಲೆ ಇದೆ, ಅದು ಇದಲ್ಲ.

ಹೆಸರು ಗೊತ್ತಿಲ್ಲದವರೂ ಮಾಡಬಹುದಾದ ಪರೀಕ್ಷೆಯೊಂದಿದೆ. ಹಕ್ಕಿ ಗೂಡು ಕಟ್ಟುತ್ತಿದೆಯೇ, ನೋಡಿ. ಚಳಿಗೆ ಹೆದರಿ ಉತ್ತರದಿಂದ ಬರುವ ಹಕ್ಕಿ ಇಲ್ಲಿ ತಿನ್ನುತ್ತದೆ, ಮಲಗುತ್ತದೆ, ಗರಿ ಬದಲಿಸುತ್ತದೆ, ಮಾರ್ಚ್–ಏಪ್ರಿಲ್ ಹೊತ್ತಿಗೆ ಹೊರಟುಹೋಗುತ್ತದೆ. ಮೊಟ್ಟೆ ಇಡುವುದು ಅಲ್ಲಿ, ಮಂಜು ಕರಗಿ ಹುಳು ಹುಪ್ಪಟೆ ಉಕ್ಕುವ ಅವರ ಬೇಸಿಗೆಯಲ್ಲಿ. ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ನಡೆಯುವುದು ಇದರ ತಿರುವುಮುರುವು. ಚಳಿ ಇಳಿಯುವ ಹೊತ್ತಿಗೆ ಗೂಡು, ಬೇಸಿಗೆಯಲ್ಲಿ ಮರಿ, ಮುಂಗಾರು ಹಿಡಿಯುವಷ್ಟರಲ್ಲಿ ಮರ ಖಾಲಿ. ಆಮೇಲೆ ಅವು ಎಲ್ಲಿಗೆ ಹೋಗುತ್ತವೆ? ಸುತ್ತಲಿನ ಕೆರೆಗಳಿಗೆ, ಪಕ್ಕದ ಜಿಲ್ಲೆ ಮತ್ತು ರಾಜ್ಯಗಳ ಕೆರೆಗಳಿಗೆ. ಆಗಸ್ಟ್‌ನಲ್ಲಿ ನಿಮ್ಮೂರ ಕೆರೆಯ ಕೆಸರಿನಲ್ಲಿ ಕೊಕ್ಕು ಅದ್ದಿ ನಿಂತಿರುವುದು ಅದೇ ಕೊಕ್ಕರೆ.

ಬೆಳ್ಳೂರಿನ ಜನಕ್ಕೆ ಇದನ್ನು ಯಾರೂ ಕಲಿಸಬೇಕಿಲ್ಲ. ಹೆಜ್ಜಾರ್ಲೆಗಳನ್ನು ಅವರು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಎನ್ನುತ್ತಾರೆ. ತವರು ಎಂದಮೇಲೆ ಹುಟ್ಟಿದ ಮನೆ ಇದೇ ಆಯಿತಲ್ಲ? ಒಮ್ಮೆ ಉಪನ್ಯಾಸದಲ್ಲಿ ಹೀಗೆ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು, ‘ಮಗಳನ್ನು ಸೈಬೀರಿಯಾಕ್ಕೆ ಕೊಟ್ಟಿರಬಹುದಲ್ಲ ಸಾರ್?’ ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದಮೇಲೆ ನಗು ಬರಲಿಲ್ಲ.

ಸೈಬೀರಿಯಾದ ಹೆಸರನ್ನೇ ಹೊತ್ತ ಹಕ್ಕಿ ಒಂದಿದೆ, ಸೈಬೀರಿಯಾದ ಕ್ರೌಂಚ. ಅದು ಚಳಿಗಾಲ ಕಳೆಯಲು ಬರುತ್ತಿದ್ದದ್ದು ರಾಜಸ್ಥಾನದ ಭರತಪುರಕ್ಕೆ. 2002ರ ಚಳಿಗಾಲದಲ್ಲಿ ಅಲ್ಲಿ ಕೊನೆಯ ಜೋಡಿ ಕಂಡಿತು, ಮತ್ತೆ ಬರಲಿಲ್ಲ. ಇಂದು ಉಳಿದಿರುವ ಈ ಕ್ರೌಂಚಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಚಳಿಗಾಲ ಕಳೆಯುವುದು ಚೀನಾದಲ್ಲಿ. ಆದರೂ ನನಗೆ ವರ್ಷಕ್ಕೆ ನಾಲ್ಕಾರು ‘ಸೈಬೀರಿಯನ್ ಕ್ರೇನ್’ ಫೋಟೊ ಬರುತ್ತವೆ. ಬಿಳಿ ಮೈ, ಕಪ್ಪು ರೆಕ್ಕೆ, ಮುಚ್ಚಿದರೂ ನಡುವೆ ಸಂದು ಉಳಿಯುವ ಕೊಕ್ಕು. ಅದು ಬಾಯಿಕಳಕ. ಗದ್ದೆಯ ಬಸವನಹುಳು ತಿನ್ನುವ, ನಿಮ್ಮ ಅಜ್ಜನಿಗೂ ಗೊತ್ತಿದ್ದ ಕೊಕ್ಕರೆ. ಕೊಕ್ಕು ಕಾಣದಿದ್ದರೆ ಇನ್ನೊಂದು ಗುರುತು ನೋಡಿ: ಮರದ ಮೇಲೆ ಕುಳಿತಿದ್ದರೆ ಅದು ಕ್ರೌಂಚವಲ್ಲ. ನಮ್ಮ ದೇಶದ ಯಾವ ಕ್ರೌಂಚಕ್ಕೂ ಕೊಂಬೆ ಹಿಡಿಯುವಂಥ ಹಿಂಬೆರಳಿಲ್ಲ.

ಹಾಗಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳು? (ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ, ಶಿರಹಟ್ಟಿ ತಾಲ್ಲೂಕಿನದು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು.) ಅವು ನಿಜವಾದ ವಲಸಿಗರು. ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಈ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಹೆಚ್ಚಿನವುಗಳ ತವರು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ನಂಜನಗೂಡಿನ ಬಳಿಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಂಡಿವೆ. ಮಂಗೋಲಿಯಾವೂ ದೂರವೇ. ಅದನ್ನೇ ಹೇಳಿದರೆ ಏನು ನಷ್ಟವೋ ತಿಳಿಯದು.

ಸೈಬೀರಿಯಾದಿಂದ ಯಾವ ಹಕ್ಕಿಯೂ ಬರುವುದಿಲ್ಲವೇ ಎಂದರೆ, ಧಾರಾಳವಾಗಿ ಬರುತ್ತವೆ. ನಿಮ್ಮ ಮನೆಯ ಮುಂದಿನ ಮಾವಿನ ಮರದಲ್ಲಿ ಈಗ ಇದ್ದರೂ ಇದ್ದೀತು. ಎಲೆ ಉಲಿಯಕ್ಕಿ: ಮಾಸಲು ಹಸಿರು, ಹುಬ್ಬಿನ ಮೇಲೊಂದು ತೆಳು ಗೆರೆ, ತೂಕ ಹತ್ತು ರೂಪಾಯಿಯ ಒಂದು ನಾಣ್ಯದಷ್ಟು. ಬೇಲಿ ಮೇಲಿನ ಕಂದು ಕಳಿಂಗ, ವರ್ಷ ವರ್ಷ ಅದೇ ಜಾಗಕ್ಕೆ ಮರಳುವ ಹಟಮಾರಿ. ಇವು ದೊಡ್ಡವಲ್ಲ, ಬಣ್ಣವಿಲ್ಲ, ಆದ್ದರಿಂದ ಇವುಗಳ ಒಂದು ಫೋಟೊವನ್ನೂ ಇದುವರೆಗೆ ಯಾರೂ ನನಗೆ ಕಳಿಸಿಲ್ಲ.

ನಿಜಕ್ಕೂ ಅಪರೂಪದ್ದು ಬೇಕೆಂದರೆ ನವೆಂಬರ್‌ನಲ್ಲಿ ಬಯಲ ಕಡೆಯ ತಂತಿಗಳ ಮೇಲೆ ಅಮುರ್ ಚಾಣ ಎಂಬ ಬೇಟೆಹಕ್ಕಿಯನ್ನು ಹುಡುಕಿ. ಸೈಬೀರಿಯಾದ ಆಗ್ನೇಯ ಅಂಚು ಮತ್ತು ಉತ್ತರ ಚೀನಾದಲ್ಲಿ ಹುಟ್ಟಿ, ನಾಗಾಲ್ಯಾಂಡಿನಲ್ಲಿ ಲಕ್ಷಗಟ್ಟಲೆ ತಂಗಿ, ಅರಬ್ಬಿ ಸಮುದ್ರ ದಾಟಿ ಆಫ್ರಿಕಾ ಸೇರುತ್ತದೆ. 2013ರಲ್ಲಿ ನಾಗಾಲ್ಯಾಂಡಿನ ಮೂರು ಚಾಣಗಳಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿದ ಮೇಲೆ ಈ ದಾರಿ ಖಚಿತವಾಯಿತು. ನಮ್ಮಲ್ಲಿ ಅದು ಇಳಿದರೂ ಬಸ್ ಬದಲಿಸುವ ಪ್ರಯಾಣಿಕನಷ್ಟೇ ಹೊತ್ತು.

ಕೇಳದಿದ್ದರೂ ಇನ್ನೊಂದನ್ನು ಹೇಳಬೇಕು. ಸೈಬೀರಿಯಾದ ಹಕ್ಕಿ ಎಂಬ ಮಾತು ಈ ರಾಜ್ಯದಲ್ಲಿ ಒಮ್ಮೆ ಬಹಳ ಗಂಭೀರವಾಗಿ ಚರ್ಚೆಗೆ ಬಂದಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೂ ಜ್ವರ ತಗಲಿತು. ಮಂಗನ ಕಾಯಿಲೆ. ಅದರ ವೈರಸ್ಸು ರಷ್ಯಾದ, ರಕ್ತ ಹೀರುವ ಉಣ್ಣೆಹುಳುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ನಂಟು ಎಂದು ತಿಳಿದಾಗ ಸಂಶಯ ವಲಸೆ ಹಕ್ಕಿಗಳ ಮೇಲೆ ಬಿತ್ತು: ಇವೇ ಉಣ್ಣೆ ಹೊತ್ತು ತಂದವೇ? ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು. ಪಕ್ಷಿತಜ್ಞ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಹಕ್ಕಿ ಹಿಡಿದು, ಮೈಮೇಲಿನ ಉಣ್ಣೆ ಹೆಕ್ಕಿ, ಕಾಲಿಗೆ ಅಂಕಿಯುಳ್ಳ ಬಳೆ ತೊಡಿಸಿ ಬಿಡತೊಡಗಿತು. ಹಕ್ಕಿಗಳೇ ರೋಗ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ರೋಗ ಹರಡುವ ಉಣ್ಣೆ ಮಲೆನಾಡಿನ ಕಾಡಿನದೇ. ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಎಂದು ನಾನಿಲ್ಲಿ ಧೈರ್ಯವಾಗಿ ಬರೆಯುವುದರಲ್ಲಿ ಒಂದಷ್ಟು ಆ ಬಳೆಗಳಿಂದ ತಿಳಿದದ್ದು.

ಆದ್ದರಿಂದ ಪೆಟ್ಟಿಗೆಯೊಳಗೆ ಇಡುವ ಮುನ್ನ ನಿಮ್ಮ ನವರಂಗದ ಕಾಲನ್ನೊಮ್ಮೆ ನೋಡಿ. ಬಳೆ ಇದ್ದರೆ ತೆಗೆಯಬೇಡಿ, ಅಂಕಿ ಅಕ್ಷರ ಓದುವಂತೆ ಫೋಟೊ ತೆಗೆದು ಕಳಿಸಿ. ಇಷ್ಟು ವರ್ಷದಲ್ಲಿ ಬಳೆ ತೊಟ್ಟ ಹಕ್ಕಿಯ ಫೋಟೊ ನನಗೆ ಬಂದದ್ದು ಒಂದೇ ಸಲ. ಅದು ಪಾರಿವಾಳ, ಬೆಂಗಳೂರಿನಲ್ಲಿ ಯಾರೋ ಪಂದ್ಯಕ್ಕೆ ಬಿಟ್ಟದ್ದು. ಜೊತೆಗಿದ್ದ ಪ್ರಶ್ನೆ ಏನೆಂದು ನೀವು ಊಹಿಸಿರುತ್ತೀರಿ.