ಪೊದೆ ಖಾಲಿ ಇದ್ದ ಮಾತ್ರಕ್ಕೆ ಹಕ್ಕಿ ಇಲ್ಲ ಅಂತಲ್ಲ

ಅಕ್ಟೋಬರ್‌ನ ಒಂದು ಬೆಳಗ್ಗೆ. ಆಕಾಶ ತೊಳೆದಿಟ್ಟ ಹಾಗಿದೆ, ಗಾಳಿ ದಕ್ಷಿಣದ ಕಡೆಗೆ ಹಿತವಾಗಿ ಬೀಸುತ್ತಿದೆ. ಜರ್ಮನಿಯ ಹೆಲ್ಗೊಲ್ಯಾಂಡ್ ದ್ವೀಪಕ್ಕೆ ಹಕ್ಕಿ ನೋಡಲು ಬಂದವರ ಮುಖ ಮಾತ್ರ ಸಪ್ಪಗಿದೆ. ಪೊದೆಗಳಲ್ಲಿ ಏನೂ ಇಲ್ಲ. ಇಂಥ ಹವೆಯಲ್ಲಿ ವಲಸೆ ಹಕ್ಕಿಗಳು ಇಳಿಯದೆ ಮೇಲಿಂದಲೇ ಹಾರಿಹೋಗುತ್ತವೆ. ರಾತ್ರಿ ಸುರಿವ ಜಡಿಮಳೆಗೆ ಮಂಜು, ಎದುರುಗಾಳಿ ಸೇರಿಕೊಂಡರೆ ಅವರಿಗೆಲ್ಲ ಹಬ್ಬ. ಬೆಳಗಾಗುವಷ್ಟರಲ್ಲಿ ಬೇಲಿ, ಕಲ್ಲುಸಂದಿ, ಆಲೂಗಡ್ಡೆ ಮಡಿ ಎಲ್ಲೆಲ್ಲೂ ಹಕ್ಕಿ.

ಹಕ್ಕಿಗೆ ಕೆಟ್ಟ ರಾತ್ರಿಯಾದರೆ ನಮಗೆ ಒಳ್ಳೆ ಬೆಳಗು. ಇಷ್ಟು ಸಣ್ಣ ಸಂಗತಿ ಮರೆತು ಎಂಥ ದೊಡ್ಡವರು ಎಡವಿದ್ದಾರೆ ಗೊತ್ತಾ?

ಹೈನ್‌ರಿಶ್ ಗೇಟ್ಕೆ ಅಂತ ಒಬ್ಬ ಚಿತ್ರಕಾರರಿದ್ದರು. 1837ರಲ್ಲಿ ಸಮುದ್ರದ ಚಿತ್ರ ಬರೆಯೋಣ ಅಂತ ಈ ದ್ವೀಪಕ್ಕೆ ಬಂದರು. ಆಗ ಇದು ಬ್ರಿಟಿಷರ ಕೈಲಿತ್ತು. ಬಂದವರು ಐವತ್ತಕ್ಕೂ ಹೆಚ್ಚು ವರ್ಷ ಇಲ್ಲೇ ಉಳಿದು, ಹಕ್ಕಿಗಳನ್ನು ದಿನದ ಲೆಕ್ಕದಲ್ಲಿ ಬರೆದಿಟ್ಟರು. ಅವರ ಶ್ರದ್ಧೆಗೆ ಕೈಮುಗಿಯಬೇಕು. ಆದರೆ ಒಂದು ಕಡೆ ಜಾರಿದರು. ನೀಲಿಕೊರಳ ಅನ್ನೋ ಪುಟ್ಟ ಹಕ್ಕಿ ವಸಂತದಲ್ಲಿ ಹೆಲ್ಗೊಲ್ಯಾಂಡ್‌ಗೆ ಬರುತ್ತದೆ. ಆಫ್ರಿಕಾದಿಂದ ಇಲ್ಲಿಯವರೆಗಿನ ನಡುವಿನ ಊರುಗಳಲ್ಲಿ ಅದನ್ನು ಕಂಡವರು ತೀರಾ ಕಡಿಮೆ. ಹಾಗಾದರೆ ಅದು ಎಲ್ಲೂ ಇಳಿದೇ ಇಲ್ಲ, ಈಜಿಪ್ಟಿನಿಂದ ಒಂದೇ ರಾತ್ರಿಯಲ್ಲಿ ಹಾರಿ ಬಂದಿದೆ ಅಂತ ಗೇಟ್ಕೆ ತೀರ್ಮಾನಿಸಿದರು. ಅಂದರೆ ಗಂಟೆಗೆ 300 ಕಿ.ಮೀ.ಗೂ ಜಾಸ್ತಿ ವೇಗ! ಅಂಗೈಯಲ್ಲಿ ಹಿಡಿಸುವ ಹಕ್ಕಿಗೆ ವಿಮಾನದ ಲೆಕ್ಕ. ನಿಜ ಏನಪ್ಪಾ ಅಂದರೆ, ಅದು ದಾರಿಯಲ್ಲಿ ಹತ್ತಾರು ಕಡೆ ಇಳಿಯುತ್ತದೆ, ಪೊದೆಯೊಳಗೆ ಅಡಗುತ್ತದೆ. ದೊಡ್ಡ ನಾಡಿನಲ್ಲಿ ಚದುರಿಹೋದ ಹಕ್ಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ದ್ವೀಪದಲ್ಲಾದರೆ ಬಚ್ಚಿಟ್ಟುಕೊಳ್ಳಲು ಇರುವುದೇ ಒಂದು ಚದರ ಕಿಲೋಮೀಟರ್ ಜಾಗ. ಸುತ್ತ ಐವತ್ತು ಕಿ.ಮೀ.ನಷ್ಟು ಬರೀ ನೀರು.

ವಲಸೆಯ ಬಗ್ಗೆ ಆಗ ಜನರಿಗೆ ಗೊತ್ತಿದ್ದದ್ದೂ ಅಷ್ಟಕ್ಕಷ್ಟೇ ಅನ್ನಿ. ಚಳಿಗಾಲದಲ್ಲಿ ಕವಲುತೋಕೆಗಳು ಕೆರೆಯ ಕೆಸರಲ್ಲಿ ಮಲಗುತ್ತವೆ ಅಂತ ನಂಬಿದ್ದವರು ಬೇಕಾದಷ್ಟಿದ್ದರು. 1822ರಲ್ಲಿ ಜರ್ಮನಿಗೆ ಮರಳಿದ ಒಂದು ಕೊಕ್ಕರೆಯ ಕುತ್ತಿಗೆಯಲ್ಲಿ ಆಫ್ರಿಕಾದ ಈಟಿ ಸಿಕ್ಕಿಕೊಂಡಿತ್ತು! ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಪಾಪದ ಹಕ್ಕಿ ಈಗಲೂ ರೊಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಈಟಿ ಸಮೇತ ನಿಂತಿದೆ.

ಈಗ ದ್ವೀಪದ ಬಲೆಗೂಡಿನ ಹತ್ತಿರ ಬನ್ನಿ. ಪೊದೆಗಳ ಮೇಲೆ ಹೊದಿಸಿದ ತಂತಿಬಲೆ ಹೋಗ್ತಾ ಹೋಗ್ತಾ ಕಿರಿದಾಗಿ, ಕೊನೆಗೆ ಒಂದು ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಇದಕ್ಕೆ ಲೋಕವೆಲ್ಲ ಹೆಲ್ಗೊಲ್ಯಾಂಡ್ ಬೋನು ಅಂತಲೇ ಹೆಸರು. ಹಕ್ಕಿಯ ಕತ್ತನ್ನು ಎರಡು ಬೆರಳ ನಡುವೆ ಮೆಲ್ಲಗೆ ಹಿಡಿದು, ಕೊರಳ ಕೆಳಗಿನ ಗರಿಗೆ ಉಫ್ ಅಂತ ಊದುತ್ತಾರೆ. ತೆಳು ಚರ್ಮದ ಅಡಿ ಹಳದಿ ಕೊಬ್ಬು ಕಂಡರೆ ಪೆಟ್ರೋಲ್ ಇದೆ ಅಂತ ಅರ್ಥ. ಗೋಲ್ಡ್‌ಕ್ರೆಸ್ಟ್ ಅನ್ನೋ ಹಕ್ಕಿಯ ತೂಕ ನಮ್ಮ ಐದು ರೂಪಾಯಿ ನಾಣ್ಯದಷ್ಟು. ಅದೂ ಸಮುದ್ರ ದಾಟುತ್ತದೆ. ಕಾಲಿಗೆ ಗುರುತಿನ ಉಂಗುರ ಹಾಕಿ ಬಿಡುತ್ತಾರೆ.

ಹೀಗೆ ಕೈಗೆ ಸಿಗುವವುಗಳಲ್ಲಿ ಆ ವರ್ಷ ಹುಟ್ಟಿದ ಮರಿಗಳೇ ಜಾಸ್ತಿ. ಅಪ್ಪ ಅಮ್ಮ ದಾರಿ ತೋರಿಸಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಮರಿಗಳು ಹಿರಿಯರ ಜೊತೆಗೇ ಬರುತ್ತವೆ, ನಿಜ. ಆದರೆ ರಾತ್ರಿ ಹಾರುವ ಸಣ್ಣ ಹಕ್ಕಿಗಳ ಮರಿಗಳಿಗೆ ಆ ಭಾಗ್ಯ ಇಲ್ಲ. ಅವುಗಳ ತಲೆಯಲ್ಲಿ ಹುಟ್ಟಿನಿಂದ ಇರುವುದು ಎರಡೇ ಮಾತು: ಯಾವ ದಿಕ್ಕು, ಎಷ್ಟು ದಿನ.

ಬೆಂಗಳೂರಿನ ಹುಡುಗನೊಬ್ಬನಿಗೆ 'ವಾಯವ್ಯಕ್ಕೆ ಮುಖ ಮಾಡು, ನಾನೂರು ಕಿ.ಮೀ. ಹೋಗು' ಅಂತ ಹೇಳಿ ಕಳಿಸಿದರೆ ಹುಬ್ಬಳ್ಳಿ ಸೇರುತ್ತಾನೆ. ಅವನನ್ನೇ ನಿದ್ದೆಯಲ್ಲಿ ಎತ್ತಿಕೊಂಡು ಹೋಗಿ ಚೆನ್ನೈನಲ್ಲಿ ಬಿಟ್ಟರೆ? ಅದೇ ಮಾತು ಪಾಲಿಸಿ ಕರ್ನೂಲಿನ ಆಸುಪಾಸಿನಲ್ಲಿ ನಿಂತು, ಹುಬ್ಬಳ್ಳಿ ಬಂತು ಅಂದುಕೊಳ್ಳುತ್ತಾನೆ. ಕುಕ್ಕರ್ ನಂಬುವವರ ಹಾಗೆ: ಮೂರು ಸೀಟಿ ಆಯಿತಾ, ಒಲೆ ಆರಿಸು. ಅನ್ನ ಬೆಂದಿದೆಯಾ ಅಂತ ಮುಚ್ಚಳ ತೆಗೆದು ನೋಡುವುದಿಲ್ಲ.

ಇದು ನನ್ನ ಕಲ್ಪನೆ ಅಲ್ಲ. ಹಾಲೆಂಡಿನ ಪಕ್ಷಿತಜ್ಞ ಪರ್ಡೆಕ್ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್‌ಗಳನ್ನು (ನಮ್ಮ ಗೊರವಂಕದ ಬಳಗದವು) ಹಿಡಿದು, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಸಾಗಿಸಿ ಬಿಡಿಸಿದರು. ಫಲಿತಾಂಶ 1958ರಲ್ಲಿ ಬಂತು. ಹಿರಿಯ ಹಕ್ಕಿಗಳು ಮೋಸ ಗುರುತಿಸಿ, ದಿಕ್ಕು ತಿರುಗಿಸಿ ತಮ್ಮ ಮಾಮೂಲಿ ಜಾಗದ ಕಡೆಗೇ ಹೋದವು. ಮರಿಗಳು ಹಳೇ ದಿಕ್ಕನ್ನೇ ಹಿಡಿದು ಸ್ಪೇನ್, ದಕ್ಷಿಣ ಫ್ರಾನ್ಸ್ ಕಡೆ ನಡೆದುಬಿಟ್ಟವು. ಊರಿನ ನೆನಪು ಬರುವುದು ಒಮ್ಮೆ ಹೋಗಿ ಬಂದ ಮೇಲೆ.

ಗಾಳಿ ಮಾಡುವುದೂ ಪರ್ಡೆಕ್ ಮಾಡಿದ್ದನ್ನೇ, ವಿಮಾನ ಇಲ್ಲದೆ. ಪಕ್ಕಕ್ಕೆ ತಳ್ಳಿದ್ದು ಕತ್ತಲಲ್ಲಿ ಮರಿಗೆ ತಿಳಿಯದು. ಬೆಳಗಾದಾಗ ಕೆಳಗೆ ನೀರೋ ನೀರು, ನಡುವೆ ಒಂದು ಕೆಂಪು ಬಂಡೆ. ಇಳಿಯದೆ ಏನು ಮಾಡೀತು?

ಅಂದಹಾಗೆ, ಗೇಟ್ಕೆಯವರನ್ನು ದಾರಿ ತಪ್ಪಿಸಿದ ನೀಲಿಕೊರಳ ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಬಂದದ್ದನ್ನು ಕಂಡವರಿಲ್ಲ. ಒಂದು ಬೆಳಗ್ಗೆ ಜೊಂಡಿನ ಬುಡದಲ್ಲಿ ಸುಮ್ನೆ ಬಾಲ ಎತ್ತಿಕೊಂಡು ನಿಂತಿರುತ್ತದೆ, ನಿನ್ನೆಯೂ ಇಲ್ಲೇ ಇದ್ದೆ ಅನ್ನೋ ಹಾಗೆ.