ಕಿವಿ ಮಿಷನ್‌ಗೆ ಹಾಕುವ ದುಡ್ಡು: ಲೆಕ್ಕ ಎಲ್ಲಿ ತಪ್ಪುತ್ತಿದೆ?

ಮುಂಬೈಯ ಹೋಟೆಲ್ ಅಡುಗೆಮನೆಗಳಲ್ಲಿ ಗ್ರೈಂಡರ್, ಎಕ್ಸಾಸ್ಟ್ ಫ್ಯಾನ್ ಪಕ್ಕದಲ್ಲೇ ಆಯುಷ್ಯ ಕಳೆದ ಕನ್ನಡಿಗರು ಎಷ್ಟೋ ಮಂದಿ. ಕಿವಿ ಮಂದವಾದರೆ ಅವರು ಹೇಳುವುದು ಒಂದೇ: ‘ವಯಸ್ಸಾಯ್ತಲ್ಲ, ಮಿಷನ್‌ಗೆ ದುಡ್ಡು ಯಾಕೆ ದಂಡ?’ ದುಡ್ಡಿಗೆ ತಕ್ಕ ಪ್ರಯೋಜನ ಇದೆಯಾ ಎಂಬ ಈ ಪ್ರಶ್ನೆಯನ್ನು ಸರ್ಕಾರಗಳೂ ಕೇಳುತ್ತಾ ಬಂದಿವೆ.

ಬ್ರಿಟನ್ನಿನ ಕಥೆ ನೋಡಿ. 1948ರಲ್ಲಿ ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ‘ಮೆಡ್ರೆಸ್ಕೊ’ ಎಂಬ ಸಾಧನವನ್ನು ಉಚಿತವಾಗಿ ಕೊಟ್ಟರು. ಮೈಮೇಲೆ ಪೆಟ್ಟಿಗೆ, ಕಿವಿಗೆ ವೈರು. ಮುಂದೆ ಪ್ರತಿ ಚಿಕಿತ್ಸೆಗೂ ಲೆಕ್ಕ ಹಾಕುವ ಕಾಲ ಬಂತು. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1 ಅಂಕ. ಅಷ್ಟು ಗಳಿಸಲು ಎಷ್ಟು ಪೌಂಡ್ ಬೇಕು ಎಂಬುದೇ ಅಳತೆ.

ಎಡವಟ್ಟಾಗಿದ್ದು ಇಲ್ಲೇ. ಇದಕ್ಕೆ ಹೆಚ್ಚಾಗಿ ಬಳಸುವ ಇಕ್ಯೂ-5ಡಿ ಪ್ರಶ್ನಾವಳಿ ಐದೇ ವಿಷಯ ಕೇಳುತ್ತದೆ: ನಡೆದಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ-ಖಿನ್ನತೆ. ಕಿವಿಯ ಸುದ್ದಿಯೇ ಇಲ್ಲ! ಒಬ್ಬ ಅಜ್ಜ ಮಾರ್ಕೆಟ್ಟಿಗೆ ಆರಾಮಾಗಿ ನಡೆದು ಹೋಗುತ್ತಾರೆ, ಆದರೆ ಫೋನಿನಲ್ಲಿ ಮೊಮ್ಮಗಳ ಮಾತು ತಿಳಿಯುವುದಿಲ್ಲ. ಮಿಷನ್‌ಗೆ ಮೊದಲೂ ಅವರಿಗೆ ಒಳ್ಳೆ ಅಂಕ, ಆಮೇಲೂ ಅಷ್ಟೇ. ಹಾಗಾದರೆ ಪ್ರಯೋಜನ ಸೊನ್ನೆ ಅಂತ ಬರೆದುಬಿಡುವುದಾ? ಕೆನಡಾದ ಎಚ್‌ಯುಐ-3 ಎಂಬ ಪ್ರಶ್ನಾವಳಿ ಕೇಳುವ ಶಕ್ತಿಯನ್ನೂ ವಿಚಾರಿಸುತ್ತದೆ. ಅದರಲ್ಲಿ ಅಳೆದರೆ ಅದೇ ಮಿಷನ್‌ಗೆ ಜಾಸ್ತಿ ಬೆಲೆ ಸಿಗುತ್ತದೆ.

2015ರಲ್ಲಿ ಇಂಗ್ಲೆಂಡಿನ ನಾರ್ತ್ ಸ್ಟಾಫರ್ಡ್‌ಶೈರ್‌ನ ಆರೋಗ್ಯ ಮಂಡಳಿ, ಸ್ವಲ್ಪ ಮಟ್ಟಿನ ಕಿವುಡಿರುವ ವಯಸ್ಕರಿಗೆ ಮಿಷನ್ ಕೊಡುವುದನ್ನು ನಿಲ್ಲಿಸಿತು. 2018ರಲ್ಲಿ, ಯಾವ ಚಿಕಿತ್ಸೆ ಕೊಡಬೇಕೆಂದು ಸಲಹೆ ಕೊಡುವ ಅಲ್ಲಿನ ‘ನೈಸ್’ ಸಂಸ್ಥೆ ಬೇರೆ ಮಾತು ಹೇಳಿತು: ಕಿವಿಯಿಂದಾಗಿ ಮಾತುಕತೆಗೆ ತೊಡಕಾದರೆ ಮಿಷನ್ ಕೊಡಿ, ಎರಡೂ ಕಿವಿಗೆ ಬೇಕಾದರೆ ಎರಡು ಕೊಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಅಂದಾಜು ಇನ್ನೂ ದೊಡ್ಡದು. ಕಿವಿಯ ಆರೈಕೆಗೆ ಹಾಕುವ 1 ಡಾಲರ್‌ಗೆ ಹತ್ತು ವರ್ಷದಲ್ಲಿ ಸುಮಾರು 16 ಡಾಲರ್ ವಾಪಸ್.

ನಮ್ಮಲ್ಲಿ ಅಂಗವಿಕಲರಿಗೆ ಸಾಧನ ಕೊಡುವ ‘ಎಡಿಪ್’ ಯೋಜನೆ 1981ರದ್ದು. ಮುಂಬೈಯ ಬಾಂದ್ರಾದಲ್ಲಿ ಕಿವುಡರಿಗಾಗಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ 1983ರಲ್ಲಿ ಬಂತು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬೆಲ್ (ಸದ್ದಿನ ಅಳತೆ) ನಷ್ಟವಾದರೆ ಮಾತ್ರ ಶ್ರವಣದೋಷ. 50 ಡೆಸಿಬೆಲ್ ನಷ್ಟದವರಿಗೆ ಮಾಮೂಲಿ ಮಾತೇ ಸರಿಯಾಗಿ ಕೇಳದು, ಆದರೂ ಅವರು ಗೆರೆಯ ಆಚೆ. ಇದು ನ್ಯಾಯವಲ್ಲ.

ಇನ್ನೊಂದು ಖರ್ಚು ಲೆಕ್ಕಕ್ಕೆ ಬರುವುದೇ ಕಡಿಮೆ. ಕಿವಿಯೊಳಗೆ ಕೂರುವ ಅಚ್ಚು, ಅಂದರೆ ಮೌಲ್ಡ್, ಅವರವರ ಕಿವಿಯ ಅಳತೆಗೆ ಮಾಡಿಸಬೇಕು. ಬಟನ್ ಸೆಲ್ಲಿನ ಬಣ್ಣದ ಸ್ಟಿಕ್ಕರ್ ಒಮ್ಮೆ ಕಿತ್ತರೆ ಗಾಳಿ ತಾಗಿ ಚಾಲೂ ಆಗುತ್ತದೆ, ಮತ್ತೆ ಬಳಸದಿದ್ದರೂ ಸವೆಯುತ್ತದೆ. ಮುಂಬೈ ಮಳೆಗಾಲದಲ್ಲಿ ಟ್ಯೂಬಿನೊಳಗೆ ನೀರಿನ ಹನಿ ಕಟ್ಟಿ ಸದ್ದು ನಿಂತುಹೋಗುತ್ತದೆ. ಇದನ್ನೆಲ್ಲ ತೋರಿಸಿಕೊಡುವವರು ಇಲ್ಲದಿದ್ದರೆ ಶಿಬಿರದಲ್ಲಿ ಸಿಕ್ಕ ಮಿಷನ್ ಸೀದಾ ಡ್ರಾಯರ್ ಸೇರುತ್ತದೆ, ಹಾಕಿದ ದುಡ್ಡೂ ಅಲ್ಲೇ.

ಭಾಷೆಯೂ ಮುಖ್ಯ. ಪದ ಕೇಳಿಸಿ ಪರೀಕ್ಷಿಸುವಾಗ ಹಿಂದಿ, ಮರಾಠಿ ಪಟ್ಟಿ ಬಳಸಿದರೆ ಕನ್ನಡ ಮನೆಮಾತಿನವರು ತಡವರಿಸುವುದು ಕಿವಿಯಿಂದಲೋ ಭಾಷೆಯಿಂದಲೋ ಗೊತ್ತಾಗದು. ಕನ್ನಡದ ಪದಪಟ್ಟಿಗಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತಯಾರಾಗಿವೆ. ಶಿಬಿರ ನಡೆಸುವ ಇಲ್ಲಿನ ಕನ್ನಡ ಸಂಘಗಳು ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಬಳಿ ಮೊದಲು ಎರಡು ವಿಷಯ ಕೇಳಲಿ: ಪರೀಕ್ಷೆ ಕನ್ನಡದಲ್ಲಿ ಆಗುತ್ತದಾ, ಮಿಷನ್ ಕೊಟ್ಟ ಮೇಲೆ ಮೂರು ತಿಂಗಳಲ್ಲಿ ಮತ್ತೆ ಬಂದು ನೋಡುತ್ತೀರಾ?